ಬಾಲಗೃಹದ ಮಕ್ಕಳನ್ನು ಕಾಲೇಜಿಗೆ ಸೇರಿಸುವುದು ಹೇಗೆ? ಮೊದಲು ಕಾಗದ, ಆಮೇಲೆ ಲ್ಯಾಪ್‌ಟಾಪ್

ಜೂನ್ ಬಂತೆಂದರೆ ಮುಂಬೈಯ ನಮ್ಮ ಕನ್ನಡ ಸಂಘಗಳಿಂದ ಒಂದೇ ಥರದ ಫೋನ್ ಬರುತ್ತದೆ. "ಬಾಲಗೃಹದ ಹುಡುಗ, ಹನ್ನೆರಡನೇ ಪಾಸಾಗಿದ್ದಾನೆ. ಫೀಸು ನಾವು ಕೊಡ್ತೇವೆ, ಒಳ್ಳೆ ಕಾಲೇಜು ಹೇಳಿ." ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಅವನಿಗೆ ಹದಿನೆಂಟು ತುಂಬುವುದು ಯಾವಾಗ? ಅವನ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಯಾರದ್ದು? ಹೆಚ್ಚಿನವರಿಗೆ ಎರಡೂ ಗೊತ್ತಿರುವುದಿಲ್ಲ.

ದುಡ್ಡು ಕೊಡುವ ಜನ ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಆದರೆ ಹೆಸರಿನ ಒಂದು ಅಕ್ಷರ ತಪ್ಪಿ ಸೀಟು ಕಳೆದುಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಅದಕ್ಕೇ ಈ ಲೇಖನ.

ಹಂತ 1: ಹತ್ತನೇ ಕ್ಲಾಸಿನಲ್ಲೇ ಶುರು ಮಾಡಿ

ಹದಿನೆಂಟು ತುಂಬಿದರೆ ಮಗು ಬಾಲಗೃಹ ಬಿಡಬೇಕು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅದರ ನಂತರವೂ ನೆರವು ಇದೆ. ಅದಕ್ಕೆ ಆಫ್ಟರ್‌ಕೇರ್ ಎನ್ನುತ್ತಾರೆ. 21 ವರ್ಷದವರೆಗೆ ಸಿಗುತ್ತದೆ, ವಿಶೇಷ ಸಂದರ್ಭದಲ್ಲಿ 23ರವರೆಗೂ. ಆದರೆ ಅದು ತಾನಾಗಿ ಬರುವುದಿಲ್ಲ. ಮಗು ಹೊರಬೀಳುವ ಎರಡು ತಿಂಗಳ ಮೊದಲೇ ಮುಂದಿನ ಯೋಜನೆ ಬರೆದು, ಇಂಥ ಮಕ್ಕಳ ಬಗ್ಗೆ ತೀರ್ಮಾನಿಸುವ ಬಾಲ ಕಲ್ಯಾಣ ಸಮಿತಿಯ ಮುಂದೆ ಇಡಬೇಕು ಎಂದು ನಿಯಮವಿದೆ. ಸಮಿತಿಯ ಆದೇಶ ಕೈಗೆ ಬರಬೇಕು.

ಇಲ್ಲೊಂದು ತೊಡಕಿದೆ. ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಮಕ್ಕಳಿಗೆ ಶಾಲೆಯಲ್ಲಿ ಜೂನ್ 1 ಎಂದು ಬರೆದಿರುತ್ತಾರೆ. ಅಂದರೆ ಅಡ್ಮಿಷನ್ ಶುರುವಾಗುವ ಹೊತ್ತಿಗೇ ಮಗು ಹಾಸಿಗೆ ಸುತ್ತಿಕೊಂಡು ಹೊರಗೆ ಬರುತ್ತದೆ. ಹಾಗಾಗಿ ಹದಿನೆಂಟು ತುಂಬುವ ವರ್ಷದ ಮಾರ್ಚ್ ಒಳಗೆ ಆಫ್ಟರ್‌ಕೇರ್ ಅರ್ಜಿ ಸಮಿತಿಯ ಮುಂದಿರಲಿ.

ಹಂತ 2: ಕಾಗದ ಪತ್ರ. ಇಲ್ಲಿ ಅವಸರ ಬೇಡ

ಒಂದು ಇಡೀ ಭಾನುವಾರ ಇದಕ್ಕೆ ಇಡಿ. ಹತ್ತನೆಯ ಮಾರ್ಕ್ಸ್‌ಶೀಟ್, ಶಾಲೆಯ ಲಿವಿಂಗ್ ಸರ್ಟಿಫಿಕೇಟ್, ಆಧಾರ್, ಬಾಲ ಕಲ್ಯಾಣ ಸಮಿತಿಯ ಆದೇಶ, ಈ ನಾಲ್ಕನ್ನೂ ಚಾಪೆಯ ಮೇಲೆ ಸಾಲಾಗಿ ಜೋಡಿಸಿ. ಮಗುವನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಹೆಸರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಜೋರಾಗಿ ಓದಿಸಿ. ಸುನೀತಾ ಎಂಬ ಹೆಸರಿಗೆ ಒಂದು ಕಡೆ ಒಂದೇ ಐ, ಇನ್ನೊಂದು ಕಡೆ ಡಬಲ್ ಇ ಇರುತ್ತದೆ. ಕಲಬುರಗಿ, ವಿಜಯಪುರ ಕಡೆಯಿಂದ ಬಂದ ಮಕ್ಕಳ ಅಡ್ಡಹೆಸರು ಮರಾಠಿ ಗುಮಾಸ್ತರ ಕೈಯಲ್ಲಿ ಬೇರೆಯೇ ಆಗಿರುತ್ತದೆ. ಕೆಲವರಿಗೆ ಊರಿನ ಹೆಸರೇ ಅಡ್ಡಹೆಸರಾಗಿ ಕೂತಿರುತ್ತದೆ.

ಯಾವುದನ್ನು ಯಾವುದಕ್ಕೆ ಹೊಂದಿಸಬೇಕು? ನನ್ನ ಮಾತು ಕೇಳಿ: ಮಾರ್ಕ್ಸ್‌ಶೀಟೇ ಮೂಲ. ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಆಧಾರ್ ತಿದ್ದುವುದು ಸುಲಭ, ಮಾರ್ಕ್ಸ್‌ಶೀಟ್ ತಿದ್ದುವುದು ಕಷ್ಟ. ಮಗು ಇನ್ನೂ ಶಾಲೆಯಲ್ಲೇ ಇದ್ದರೆ ಮಾತ್ರ ಮೊದಲು ಶಾಲೆಯ ರಿಜಿಸ್ಟರ್ ತೆಗೆಸಿ ನೋಡಿ. ಅಲ್ಲಿ ತಪ್ಪಿದ್ದರೆ ಹತ್ತನೆಯ ಪರೀಕ್ಷೆಗೆ ಮುಂಚೆ ಮುಖ್ಯೋಪಾಧ್ಯಾಯರ ಮೂಲಕ ಸರಿ ಮಾಡಿಸಬಹುದು. ಆ ಹೊತ್ತು ತಪ್ಪಿದರೆ ವಾಶಿಯಲ್ಲಿರುವ ಬೋರ್ಡ್ ಕಚೇರಿಗೆ ಅಲೆಯಬೇಕು.

ಇನ್ನು ಅಪ್ಪನ ಹೆಸರು. ಒಬ್ಬ ಹುಡುಗಿ ಸೈಬರ್ ಕೆಫೆಯಿಂದ ಫೋನ್ ಮಾಡಿ, "ಅಕ್ಕಾ, ಇಲ್ಲಿ ಅಪ್ಪನ ಹೆಸರು ಹಾಕದೆ ಫಾರ್ಮ್ ಮುಂದಕ್ಕೇ ಹೋಗ್ತಿಲ್ಲ. ಅಂಕಲ್ ಏನಾದ್ರೂ ಒಂದು ಹಾಕ್ತೀನಿ ಅಂತಿದ್ದಾರೆ, ಹಾಕ್ಲಾ?" ಎಂದು ಕೇಳಿದ್ದಳು. ಬೇಡ ಎಂದು ನಾನು ಹೇಳುವಷ್ಟರಲ್ಲಿ ಆತ ಒಂದು ಹೆಸರು ಹೊಡೆದಾಗಿತ್ತು. ಆ ವರ್ಷದ ವಿದ್ಯಾರ್ಥಿವೇತನ ಅವಳಿಗೆ ಬರಲಿಲ್ಲ. ಆ ಜಾಗದಲ್ಲಿ ಮಾರ್ಕ್ಸ್‌ಶೀಟಿನಲ್ಲಿ ಇರುವುದೇ ಬರಬೇಕು. ಅಲ್ಲೂ ಖಾಲಿ ಇದ್ದರೆ ಫಾರ್ಮನ್ನು ಅಲ್ಲೇ ನಿಲ್ಲಿಸಿ, ಸಮಿತಿಯ ಆದೇಶ ಹಿಡಿದು ಕಾಲೇಜಿನ ಕಚೇರಿಗೇ ಹೋಗಿ ಕೇಳಿ. ಸುಳ್ಳು ಹೆಸರು ಒಮ್ಮೆ ಒಳಗೆ ಹೋದರೆ ಡಿಗ್ರಿ ಸರ್ಟಿಫಿಕೇಟಿನವರೆಗೂ ಬೆನ್ನು ಬಿಡುವುದಿಲ್ಲ.

ಆಮೇಲೆ ಮೊಬೈಲ್ ನಂಬರ್. ಆಧಾರ್ ಮಾಡಿಸಿದ ದಿನ ಬಾಲಗೃಹದ ಅಧೀಕ್ಷಕರು ತಮ್ಮದೇ ನಂಬರ್ ಕೊಟ್ಟಿರುತ್ತಾರೆ. ಅವರಿಗೆ ವರ್ಗವಾಗುತ್ತದೆ. ಮೂರು ವರ್ಷದ ನಂತರ ಅಡ್ಮಿಷನ್ನಿನ ಕೊನೆಯ ದಿನ ಒಟಿಪಿ ಎಲ್ಲೋ ಬೇರೆ ಜಿಲ್ಲೆಯಲ್ಲಿರುವ ಅವರ ಫೋನಿಗೆ ಹೋಗುತ್ತದೆ. ಹದಿನೆಂಟು ತುಂಬಿದ ಕೂಡಲೇ ಸಿಮ್ ಮಗುವಿನ ಹೆಸರಲ್ಲೇ ತೆಗೆದು ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಿ. ಅದೇ ದಿನ ಬೆರಳಚ್ಚನ್ನೂ ಹೊಸದಾಗಿ ಕೊಡಿಸಿ. 15 ವರ್ಷಕ್ಕೆ ಅದು ಆಗಲೇಬೇಕು, ಬಹಳ ಕಡೆ ಆಗಿರುವುದಿಲ್ಲ.

ಬ್ಯಾಂಕ್ ಖಾತೆ ಮಗು ಚಿಕ್ಕದಿರುವಾಗ ತೆರೆದದ್ದಾದರೆ, ಹದಿನೆಂಟಕ್ಕೆ ಹೊಸ ಸಹಿ, ಹೊಸ ಫೋಟೋ, ಹೊಸ ಕೆವೈಸಿ ಕೊಡಬೇಕು. "ಆಧಾರ್ ಲಿಂಕ್ ಆಗಿದೆ" ಎಂದು ಕೌಂಟರಿನಲ್ಲಿ ಹೇಳಿದರೆ ಅಷ್ಟಕ್ಕೇ ಎದ್ದು ಬರಬೇಡಿ. ಸರ್ಕಾರದ ಹಣ ಬರಲು ಆಧಾರ್ ಸೀಡಿಂಗ್ ಆಗಿರಬೇಕು, ಅದು ಬೇರೆ: ಈ ಆಧಾರ್‌ಗೆ ಬರುವ ಸರ್ಕಾರಿ ಹಣ ಈ ಖಾತೆಗೇ ಹೋಗಲಿ ಎಂದು ಬ್ಯಾಂಕ್ ದಾಖಲಿಸುವುದು. ಒಂದು ಆಧಾರ್‌ಗೆ ಒಂದೇ ಖಾತೆ ಸೀಡ್ ಆಗುತ್ತದೆ. ಹಳೆಯ, ಸತ್ತುಹೋದ ಖಾತೆಗೆ ಆಗಿದ್ದರೆ ಹಣ ಅಲ್ಲೇ ಸಿಕ್ಕಿಬೀಳುತ್ತದೆ.

ಕೊನೆಗೆ ಅನಾಥ ಪ್ರಮಾಣಪತ್ರ. ಮಹಾರಾಷ್ಟ್ರದಲ್ಲಿ 2018ರಿಂದ ಅನಾಥ ಮಕ್ಕಳಿಗೆ ಶಿಕ್ಷಣದಲ್ಲೂ ಸರ್ಕಾರಿ ಕೆಲಸದಲ್ಲೂ ಶೇ. 1 ಮೀಸಲಾತಿ ಇದೆ. 2023ರ ಆದೇಶದಲ್ಲಿ ಎರಡು ವರ್ಗ ಮಾಡಿದ್ದಾರೆ: ಸಂಸ್ಥೆಯಲ್ಲಿ ಬೆಳೆದವರು, ಸಂಬಂಧಿಕರ ಮನೆಯಲ್ಲಿ ಬೆಳೆದವರು. ಅಜ್ಜಿ, ಚಿಕ್ಕಪ್ಪನ ಮನೆಯಲ್ಲಿ ಬೆಳೆದ ಮಗುವಿಗೂ ಇದು ಸಿಗಬಹುದು ಎನ್ನುವುದು ಬಹಳ ಜನಕ್ಕೆ ಗೊತ್ತೇ ಇಲ್ಲ. ಆದರೆ ಬಾಲಗೃಹದಲ್ಲಿ ಇದ್ದವರೆಲ್ಲ ಅನಾಥರಲ್ಲ. ಅಮ್ಮ ಬದುಕಿದ್ದೂ ಸಾಕಲಾಗದೆ ಬಿಟ್ಟ ಮಕ್ಕಳೇ ಜಾಸ್ತಿ. ಅವರಿಗೆ ಈ ಪತ್ರ ಸಿಗುವುದಿಲ್ಲ. ಅವರ ದಾರಿ ಆಫ್ಟರ್‌ಕೇರ್ ಮತ್ತು ಜಾತಿ, ಆದಾಯದ ಮೇಲೆ ಸಿಗುವ ಸವಲತ್ತು. ಸುಳ್ಳು ಹೇಳಿಸಿ ಪತ್ರ ತೆಗೆಸಲು ಹೋಗಬೇಡಿ. ಮಗುವಿನ ಮುಂದೆಯೇ ಅದರ ಅಮ್ಮನನ್ನು ಇಲ್ಲವಾಗಿಸಿದ ಹಾಗಾಗುತ್ತದೆ.

ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ. ಜೆರಾಕ್ಸ್ ನಿಮ್ಮ ಹತ್ತಿರ, ಒರಿಜಿನಲ್ ಮಗುವಿನ ಹತ್ತಿರ. ಇದನ್ನು ತಿರುಗುಮುರುಗು ಮಾಡುವವರೇ ಹೆಚ್ಚು.

ಹಂತ 3: ಕೋರ್ಸು

ಮುಂಬೈಯ ಒಂದೇ ಕಾಲೇಜಿನಲ್ಲಿ ಅನುದಾನಿತ, ಅಂದರೆ ಸರ್ಕಾರದ ನೆರವಿರುವ, ಬಿ.ಕಾಂ. ಇರುತ್ತದೆ, ಪಕ್ಕದ ಕೋಣೆಯಲ್ಲೇ ಫೀಸಿನ ಮೇಲೆಯೇ ನಡೆಯುವ ಸೆಲ್ಫ್ ಫೈನಾನ್ಸ್ ಬಿಎಂಎಸ್ (ಮ್ಯಾನೇಜ್‌ಮೆಂಟ್ ಡಿಗ್ರಿ) ಇರುತ್ತದೆ. ಫೀಸಿನಲ್ಲಿ ಅಜಗಜಾಂತರ. ನಾನಂತೂ ಅನುದಾನಿತವೇ ಎನ್ನುತ್ತೇನೆ. ದಾನಿ ಎರಡನೇ ವರ್ಷ ಕೈಬಿಟ್ಟರೂ ಮಗು ಓದು ಮುಗಿಸಬಹುದು. ಹೆಸರಾದ ಕಾಲೇಜಿಗಿಂತ ವಾಸದ ಜಾಗಕ್ಕೆ ಹತ್ತಿರದ ಕಾಲೇಜು ಒಳ್ಳೆಯದು. ಮಗುವಿಗೆ ಏನು ಓದಲು ಇಷ್ಟ ಎಂದು ಕೇಳಿ. ನಮ್ಮಲ್ಲಿ ಎಷ್ಟೋ ಜನ ಅದನ್ನೊಂದನ್ನೇ ಕೇಳುವುದಿಲ್ಲ.

ಹಂತ 4: ದುಡ್ಡು

ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಅಡಿ ಆಫ್ಟರ್‌ಕೇರ್‌ಗೆ ತಿಂಗಳಿಗೆ 4,000 ರೂಪಾಯಿ ಇದೆ. ಜಿಲ್ಲಾ ಬಾಲ ಸಂರಕ್ಷಣಾ ಘಟಕದಲ್ಲಿ ಕೇಳಿ. 2024ರ ಜುಲೈಯಲ್ಲಿ ಮಹಾರಾಷ್ಟ್ರ ಸರ್ಕಾರ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಶುಲ್ಕ ಮಾಫಿ ಮಾಡಿದಾಗ, ಅದೇ ಆದೇಶದಲ್ಲಿ ಅನಾಥ ಹುಡುಗರನ್ನೂ ಹುಡುಗಿಯರನ್ನೂ ಸೇರಿಸಿದೆ. ಹುಡುಗರಿಗೂ ಇದೆ ಎಂದು ಒತ್ತಿ ಹೇಳುತ್ತೇನೆ, ಕೇಳದೆ ಬಿಡುವವರು ಅವರೇ. ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಮಾನ್ಯತೆಯ ಡಿಗ್ರಿ, ಡಿಪ್ಲೊಮಾ ಓದುವ ಅನಾಥ ಮಕ್ಕಳಿಗೆ ಸ್ವನಾಥ್ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಪುಣೆಯಲ್ಲಾದರೆ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಕರ್ಮವೀರ ಭಾವೂರಾವ್ ಪಾಟೀಲರ ಹೆಸರಿನ ದುಡಿದು ಕಲಿಯುವ ಯೋಜನೆ ಇದೆ.

ಇಷ್ಟಿದ್ದರೂ ಕೊರತೆ ಬೀಳುತ್ತದೆ. ನಗರದಲ್ಲಿ ಮಲಗಲು ಒಂದು ಮಂಚದ ಜಾಗಕ್ಕೇ 4,000 ಸಾಲದು. ಸಂಘದ ಹಣ ಬೇಕಾಗುವುದು ಇಲ್ಲಿ: ಬಾಡಿಗೆ, ಮೆಸ್, ಲೋಕಲ್ ರೈಲಿನ ಪಾಸ್. ಸಮಾರಂಭದಲ್ಲಿ ಒಂದೇ ದಿನ ದೊಡ್ಡ ಚೆಕ್ ಕೊಡಬೇಡಿ. ತಿಂಗಳಿಗೊಮ್ಮೆ, ಒಂದೇ ತಾರೀಕಿಗೆ ಕೊಡಿ. ವೇದಿಕೆಯ ಮೇಲೆ "ಅನಾಥ ವಿದ್ಯಾರ್ಥಿ" ಎಂದು ಮೈಕಿನಲ್ಲಿ ಕರೆಯಬೇಡಿ, ಫೋಟೋ ಬೇಡವೇ ಬೇಡ. ಕಡಿಮೆ ಬೆಲೆಯ ಟ್ಯಾಬ್ಲೆಟ್ಟುಗಳನ್ನು ಸಗಟಿನಲ್ಲಿ ತಂದು ಹಂಚುವವರಿಗೂ ಒಂದು ಮಾತು: ಆರು ತಿಂಗಳಿಗೆ ಅದರ ಬ್ಯಾಟರಿ ಉಬ್ಬುತ್ತದೆ. ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ವಾಸಿ. "ಮೂವತ್ತು ದಿನದಲ್ಲಿ ಇಂಗ್ಲಿಷ್" ಕ್ಲಾಸುಗಳಿಗೆ ಒಂದು ರೂಪಾಯಿಯನ್ನೂ ಸುರಿಯಬೇಡಿ.

ಹಂತ 5: ಅರ್ಜಿ

ಕಾಗದ ಸರಿ ಇದ್ದರೆ ಅರ್ಧ ಗಂಟೆಯ ಕೆಲಸ. ಅನಾಥ ಪ್ರಮಾಣಪತ್ರ ಇದ್ದರೆ ಅನಾಥ ಮೀಸಲಾತಿಯ ಕಾಲಂ ಗುರುತು ಹಾಕಲು ಮರೆಯಬೇಡಿ. ಪಾಸ್‌ವರ್ಡ್ ಮಗುವೇ ಬರೆದಿಟ್ಟುಕೊಳ್ಳಲಿ.

ಹಂತ 6: ಮೊದಲ ವರ್ಷ

ಅಡ್ಮಿಷನ್ ಆಯಿತೆಂದು ನಾವು ಕೈ ತೊಳೆದುಕೊಳ್ಳುತ್ತೇವೆ. ಮಕ್ಕಳು ಕಾಲೇಜು ಬಿಡುವುದು ಅದರ ನಂತರ. ಬಾಲಗೃಹದಲ್ಲಿ ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ನಿದ್ದೆ. ಹೊರಗೆ ಯಾವ ಗಂಟೆಯೂ ಇಲ್ಲ. ಒಬ್ಬ ಹುಡುಗ ಮೊದಲ ತಿಂಗಳ ಹಣದಲ್ಲಿ ತನ್ನ ಜೊತೆ ಬೆಳೆದ ಹತ್ತು ಹುಡುಗರಿಗೆ ಬಿರಿಯಾನಿ ತಿನ್ನಿಸಿದ್ದ. ನಾನು ಬೈಯಲಿಲ್ಲ. ಅವನಿಗೆ ಅವರೇ ಮನೆಯವರು. ಜೊತೆಗೆ ಕೂತು ಒಂದು ಲೆಕ್ಕದ ಪುಸ್ತಕ ಶುರು ಮಾಡಿಸಿದೆ, ವಾರದ ಹಣ ವಾರಕ್ಕೆ ತೆಗೆಯುವುದನ್ನು ಹೇಳಿಕೊಟ್ಟೆ.

ಹಾಜರಿ ಕಡಿಮೆಯಾಗಿ ಡಿಫಾಲ್ಟರ್ ಪಟ್ಟಿಯಲ್ಲಿ ಹೆಸರು ಬಂದರೆ ಕಾಲೇಜು ಪಾಲಕರನ್ನು ಕರೆಯುತ್ತದೆ. ಆಗ ಹೋಗಲು ಒಬ್ಬರು ಬೇಕು. ಆ ಒಬ್ಬರು ನೀವಾಗಿ, ಸಂಘದ ಕಮಿಟಿಯಲ್ಲ. ಎಟಿಕೆಟಿ ಬಂದರೆ, ಅಂದರೆ ಕೆಲವು ವಿಷಯ ಫೇಲಾಗಿ ಅವನ್ನು ಬಾಕಿ ಇಟ್ಟುಕೊಂಡೇ ಮುಂದೆ ಹೋಗಬೇಕಾಗಿ ಬಂದರೆ, ಮಗು ನಿಮ್ಮ ಫೋನ್ ಎತ್ತುವುದನ್ನೇ ನಿಲ್ಲಿಸುತ್ತದೆ. "ನನ್ನ ಮೇಲೆ ಖರ್ಚು ಮಾಡಿದ್ದು ದಂಡ ಆಯ್ತು ಅಂತ ಬೈತೀರಿ ಅಂದ್ಕೊಂಡೆ" ಎಂದು ಒಬ್ಬಳು ಆಮೇಲೆ ಹೇಳಿದಳು. ಆದ್ದರಿಂದ ಮೊದಲ ದಿನವೇ ಹೇಳಿಬಿಡಿ: ಒಂದೆರಡು ವಿಷಯ ಹೋದರೂ ಮುಂದಿನ ತಿಂಗಳ ಹಣ ಬರುತ್ತದೆ. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಈ ಊರಿನಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಒಬ್ಬರ ಜೊತೆ ಮಗುವಿಗೆ ಒಂದು ಸಂಜೆ ಮಾತಾಡಿಸಿ.

ಹಂತ 7: ರಜೆ

ದೀಪಾವಳಿಗೆ ಎಷ್ಟೋ ಹಾಸ್ಟೆಲುಗಳು ಬಾಗಿಲು ಹಾಕುತ್ತವೆ. ಎಲ್ಲರೂ ಬ್ಯಾಗು ಹಿಡಿದು ಊರಿಗೆ ಹೊರಡುತ್ತಾರೆ. ಈ ಮಗು ಎಲ್ಲಿಗೆ ಹೋಗಬೇಕು? ಗಣೇಶ ಚೌತಿ ಮುಗಿದ ಕೂಡಲೇ ಹಾಸ್ಟೆಲ್ ವಾರ್ಡನ್ನಿಗೆ ಫೋನ್ ಮಾಡಿ ರಜೆಯ ತಾರೀಕು ಬರೆದುಕೊಳ್ಳಿ. ನಿಮ್ಮ ಮನೆಗೆ ಕರೆಯುವುದಾದರೆ ಮಗು ಕೇಳುವ ಮೊದಲೇ ಕರೆಯಿರಿ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಸರಿಯಾಗಿ ಹೇಳಿ. ಬಂದಾಗ ನೆಂಟರ ಥರ ಸೋಫಾದ ಮೇಲೆ ಕೂರಿಸಬೇಡಿ. ತೆಂಗಿನಕಾಯಿ ತುರಿಯಲು ಕೊಡಿ.