ಸೂಜಿ ಬಿಟ್ಟು ರಾಗಿ ಹುರಿಹಿಟ್ಟಿನಲ್ಲಿ ಫ್ಲುಆಕ್ಸೆಟಿನ್: ನನ್ನ ಅನುಭವ

ಖಿನ್ನತೆಗೆ ಕೊಡುವ ಮದ್ದು ಫ್ಲುಆಕ್ಸೆಟಿನ್ ಕೆಲವು ವಾರ ಕೊಟ್ಟರೆ ಮಿದುಳಿನ ನೆನಪಿನ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳು ಹೆಚ್ಚುತ್ತವೆ ಅನ್ನೋದನ್ನು ಮಾಲ್‌ಬರ್ಗ್ ಮತ್ತು ಡುಮನ್ ತಂಡ 2000ದಲ್ಲೇ ದೊಡ್ಡ ಜಾತಿಯ ಇಲಿಗಳಾದ ರ್‍ಯಾಟ್‌ಗಳಲ್ಲಿ ತೋರಿಸಿತ್ತು. ಹೆಚ್ಚಳ ಶೇಕಡಾ 20ರಿಂದ 40. ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ, ಮೌಸ್ ಎಂಬ ಸಣ್ಣ ಇಲಿಗಳಲ್ಲಿ, ಬಹಳ ಕಾಲ ಅದು ಕಾಣಲೇ ಇಲ್ಲ. ಕೊನೆಗೆ ಕಂಡದ್ದು ರಾಗಿ ಹುರಿಹಿಟ್ಟಿನ ಉಂಡೆಯಿಂದ. "ಡೋಸ್ ಲೆಕ್ಕಕ್ಕೆ ಸಿಗಲ್ಲ, ಯಾವ ರಿವ್ಯೂವರೂ ಒಪ್ಪಲ್ಲ" ಎಂದಿದ್ದ ಗೆಳೆಯರೇ ಈಗ ಉಂಡೆಯ ಹದ ಕೇಳುತ್ತಿದ್ದಾರೆ.

ಮೊದಲು ಎಲ್ಲರೂ ಮಾಡುವಂತೆ ಹೊಟ್ಟೆಗೆ ಇಂಜೆಕ್ಷನ್ ಕೊಟ್ಟೆವು. ದಿನಾ ಹಿಡಿ, ಮಗುಚು, ಚುಚ್ಚು. ಬರೀ ಸಲೈನ್ ಪಡೆದ ಇಲಿಗಳಲ್ಲಿ ಬಿಆರ್‌ಡಿಯು (ವಿಭಜನೆಯಾಗುವ ಕೋಶಗಳಿಗೆ ಸೇರಿಕೊಳ್ಳುವ ಗುರುತು) ಹಿಡಿದ ಹೊಸ ಕೋಶಗಳು ಮುಟ್ಟದೆ ಬಿಟ್ಟ ಇಲಿಗಳಿಗಿಂತ ಹೆಚ್ಚೂಕಡಿಮೆ ಮೂರನೇ ಒಂದು ಭಾಗ ಕಡಿಮೆ ಇದ್ದವು. ಔಷಧಿ ಏರಿಸಿದ್ದನ್ನು ಚುಚ್ಚುವ ಒತ್ತಡ ಇಳಿಸುತ್ತಿತ್ತು. ಗವಾಜ್‌ನಲ್ಲಿ, ಅಂದರೆ ಬಾಯಿಂದ ಹೊಟ್ಟೆಗೆ ಕೊಳವೆ ಇಳಿಸಿ ಮದ್ದು ಕೊಡುವುದರಲ್ಲಿ, ಪರಿಸ್ಥಿತಿ ಇನ್ನೂ ಕೆಟ್ಟಿತು. ಒಂದೆರಡು ಇಲಿಗಳಿಗೆ ಅನ್ನನಾಳಕ್ಕೇ ಗಾಯವಾಯಿತು. ಕುಡಿಯುವ ನೀರಿನಲ್ಲಿ ಬೆರೆಸಿದೆವು. ಮದ್ದು ಕಹಿ, ಇಲಿಗಳು ನೀರನ್ನೇ ಕಡಿಮೆ ಮಾಡಿದವು, ತೂಕ ಇಳಿಯಿತು. ಪಂಜರಕ್ಕೆ ನಾಲ್ಕು ಇಲಿ, ಯಾವುದು ಎಷ್ಟು ಕುಡಿಯಿತೋ ದೇವರಿಗೇ ಗೊತ್ತು.

ಇಷ್ಟರಲ್ಲಿ ದುಡ್ಡು ನೀರಿನಂತೆ ಹೋಗಿತ್ತು. ಇಲಿ, ಮೇವು, ಆಂಟಿಬಾಡಿ, ಕಾನ್‌ಫೋಕಲ್ ಸೂಕ್ಷ್ಮದರ್ಶಕದ ಗಂಟೆ ಬಾಡಿಗೆ ಸೇರಿ ಒಂದು ಸುತ್ತಿಗೆ ಎರಡು ಲಕ್ಷದ ಹತ್ತಿರ. ಎಳೆಯ ನ್ಯೂರಾನ್‌ಗಳನ್ನು ಗುರುತಿಸುವ ಡಿಸಿಎಕ್ಸ್ ಆಂಟಿಬಾಡಿ ಒಂದು ವಯಲ್‌ಗೇ ನಲವತ್ತು ಸಾವಿರದ ಆಸುಪಾಸು. ಅಂಥದ್ದೊಂದು ಪಾರ್ಸೆಲ್ ದಾರಿಯಲ್ಲೆಲ್ಲೋ ಶನಿವಾರ ಭಾನುವಾರ ಕಳೆದು ಸೋಮವಾರ ಬಂದಾಗ ಒಳಗಿನ ಐಸ್ ಪ್ಯಾಕ್ ಕೈಗೆ ಬೆಚ್ಚಗಿತ್ತು. ಸ್ಲೈಡಿನ ಮೇಲೆ ಬರೀ ಹಿನ್ನೆಲೆ ಮಂಜು. ವಾಪಸ್ ಯಾರೂ ತಗೊಳ್ಳಲಿಲ್ಲ. ಅನುದಾನದ ಮುಂದಿನ ಕಂತು ಬರುವವರೆಗೆ ಮಿದುಳಿನ ತೆಳು ಸೆಕ್ಷನ್‌ಗಳು ಮೈನಸ್ ಇಪ್ಪತ್ತರಲ್ಲಿ, ಚಳಿಗೆ ಕೆಡದಂತೆ ಕಾಯುವ ಕ್ರಯೋಪ್ರೊಟೆಕ್ಟೆಂಟ್‌ ದ್ರವದಲ್ಲೇ ಕಾದವು.

ಉಂಡೆಯ ವಿಷಯಕ್ಕೆ ಬರುತ್ತೇನೆ. ರಾಗಿ ಹುರಿಹಿಟ್ಟು, ನುಣ್ಣಗೆ ಅರೆದ ಕಡಲೆಕಾಯಿ ಬೀಜ, ಚೂರು ಬೆಲ್ಲ. ಗಾತ್ರ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಕಿಲೋಗೆ 18 ಮಿಲಿಗ್ರಾಂ ಲೆಕ್ಕದಲ್ಲಿ 25 ಗ್ರಾಂ ಇಲಿಗೆ 0.45 ಮಿಲಿಗ್ರಾಂ ಮದ್ದು. ಕಂಟ್ರೋಲ್ ಗುಂಪಿಗೂ ಅದೇ ಉಂಡೆ, ಮದ್ದಿಲ್ಲದೆ. ಕಹಿ ಮುಚ್ಚಲು ಇನ್ನೊಂದು ವಸ್ತು ಸೇರುತ್ತದೆ. ಪೇಪರ್ ಬರುವವರೆಗೆ ಅದು ನನ್ನಲ್ಲೇ ಇರಲಿ.

ಇಲಿಗೆ ಹೊಸ ತಿಂಡಿ ಎಂದರೆ ಅನುಮಾನ. ಮೊದಲ ದಿನ ಉಂಡೆಯ ಹತ್ತಿರ ಬಂದು, ಮೀಸೆ ಆಡಿಸಿ ಮೂಸಿ, ಹಿಂದಕ್ಕೆ ಸರಿದು ಮೂಲೆ ಸೇರುತ್ತದೆ. ಮದ್ದಿಲ್ಲದ ಉಂಡೆಯಿಂದ ಒಂದು ವಾರ ರೂಢಿ ಮಾಡಿಸಬೇಕು. ಸಂಜೆ, ದೀಪ ಆರಿದ ಮೇಲೆ, ಕೆಂಪು ಬೆಳಕಿನಲ್ಲಿ, ಒಂದೊಂದನ್ನೇ ಬೇರೆ ಪಂಜರಕ್ಕೆ ಬಿಟ್ಟು ಕೊಡಬೇಕು. ವಾರದ ಕೊನೆಗೆ ಎರಡೂ ಮುಂಗಾಲಿನಲ್ಲಿ ಎತ್ತಿಕೊಂಡು, ತಿರುಗಿಸಿ ತಿರುಗಿಸಿ ಕಡಿದು, ಐದು ನಿಮಿಷದೊಳಗೆ ಮುಗಿಸುತ್ತದೆ. ಕೈಯಿಂದ ಒತ್ತಿ ಹಿಡಿಯುವ ಮಾತೇ ಇಲ್ಲ. ಡೋಸ್ ಬಗ್ಗೆ ಅನುಮಾನಪಟ್ಟವರಿಗೆ ರಕ್ತದಲ್ಲಿ ಫ್ಲುಆಕ್ಸೆಟಿನ್ ಮತ್ತು ದೇಹದಲ್ಲಿ ಅದರಿಂದಾಗುವ ನಾರ್‌ಫ್ಲುಆಕ್ಸೆಟಿನ್ ಎರಡನ್ನೂ ಅಳೆಸಿ ತೋರಿಸಿದೆ. ಇಲಿಯಿಂದ ಇಲಿಗೆ ವ್ಯತ್ಯಾಸ ಗವಾಜ್‌ಗಿಂತ ಕಡಿಮೆಯೇ ಇತ್ತು.

ನಾಲ್ಕು ವಾರದ ಕೊನೆಗೆ ಬಿಆರ್‌ಡಿಯು ಕೊಟ್ಟು, ಪರ್‌ಫ್ಯೂಸ್ ಮಾಡಿ (ಮಿದುಳು ಕೆಡದಂತೆ ರಕ್ತನಾಳದ ಮೂಲಕ ದ್ರವ ಹರಿಸಿ), 40 ಮೈಕ್ರಾನ್ ಸೆಕ್ಷನ್, ಆರಕ್ಕೊಂದು ಎಣಿಕೆ. ಎಣಿಸಿದವರಿಗೆ ಯಾವ ಗುಂಪೆಂದು ತಿಳಿದಿರಲಿಲ್ಲ. ಮದ್ದಿನ ಗುಂಪಿನಲ್ಲಿ ಶೇಕಡಾ 35ರ ಹತ್ತಿರ ಹೆಚ್ಚು. ಇಂಜೆಕ್ಷನ್‌ನಲ್ಲಿ ಮಾಯವಾಗಿದ್ದ ಪರಿಣಾಮ ನಿಚ್ಚಳವಾಗಿ ಕಂಡಿತು. ಆದರೆ ಸಾಕ್ಸ್2 ಮತ್ತು ಜಿಎಫ್‌ಎಪಿ ಎಂಬ ಗುರುತಿನ ಪ್ರೋಟೀನ್‌ಗಳು ಎರಡೂ ಇರುವ, ಉದ್ದ ಬಾಲ ಚಾಚಿದ ಮೂಲ ಕಾಂಡಕೋಶಗಳ ಸಂಖ್ಯೆ ಬದಲಾಗಲಿಲ್ಲ. ಹೆಚ್ಚಿದ್ದು ಅವುಗಳ ಮುಂದಿನ ಹಂತ, ಬೇಗ ಬೇಗ ವಿಭಜನೆಯಾಗುವ ಕೋಶಗಳು. ಎನ್‌ಸಿನಾಸ್ ಮತ್ತು ಎನಿಕೊಲೊಪೊವ್ 2006ರಲ್ಲಿ ಹೇಳಿದ್ದೂ ಇದನ್ನೇ. "ಡಿಪ್ರೆಶನ್ ಮಾತ್ರೆ ಸ್ಟೆಮ್ ಸೆಲ್ ಬೆಳೆಸುತ್ತೆ" ಎಂದು ಸಲೀಸಾಗಿ ಬರೆಯುವವರು ಈ ಭೇದ ಗಮನಿಸಬೇಕು.

ಇದೇ ಹುರುಪಿನಲ್ಲಿ ಮಾನಸಿಕ ಕಾಯಿಲೆಯ ಇನ್ನೊಂದು ಮದ್ದಾದ ಲಿಥಿಯಂಗೂ ಉಂಡೆ ಮಾಡಿದೆ. ಅದು ಒಗ್ಗಲಿಲ್ಲ. ಇಲಿಯ ದೇಹ ಲಿಥಿಯಂ ಅನ್ನು ಬೇಗ ಹೊರಹಾಕುತ್ತದೆ, ದಿನಕ್ಕೊಂದು ಉಂಡೆಯಿಂದ ರಕ್ತದ ಮಟ್ಟ ನಿಲ್ಲುವುದಿಲ್ಲ. ಮೇವಿಗೇ ಬೆರೆಸಿ, ಪಕ್ಕದಲ್ಲಿ ಉಪ್ಪುನೀರಿನ ಇನ್ನೊಂದು ಬಾಟಲಿ ಇಟ್ಟೆವು. ಮೂತ್ರ ಎಷ್ಟು ಹೆಚ್ಚಿತೆಂದರೆ ಬೆಡ್ಡಿಂಗ್ ದಿನಾ ಬದಲಿಸಬೇಕಾಯಿತು. ಬಿಆರ್‌ಡಿಯು ಬದಲು ಇಡಿಯು ಎಂಬ ಗುರುತನ್ನೂ ನೋಡಿದೆವು: ಆಮ್ಲದಲ್ಲಿ ಬೇಯಿಸುವ ಗೋಳಿಲ್ಲ, ಸಾಕ್ಸ್2 ಹೊಳಪು ಉಳಿಯುತ್ತದೆ, ಕಿಟ್ ಬೆಲೆ ಮಾತ್ರ ಕೈ ಕಚ್ಚುತ್ತದೆ.

ಮನುಷ್ಯರ ಮಿದುಳಿಗೆ ಇದನ್ನು ನೇರವಾಗಿ ಒಯ್ಯುವುದಕ್ಕೆ ನಾನು ವಿರೋಧಿ. 2018ರಲ್ಲೇ ಸೊರೆಲ್ಸ್ ತಂಡ ವಯಸ್ಕರಲ್ಲಿ ಹೊಸ ನ್ಯೂರಾನ್ ಕಾಣುತ್ತಿಲ್ಲ ಎಂದಿತು, ಬೋಲ್‌ಡ್ರಿನಿ ತಂಡ ಮುಪ್ಪಿನವರೆಗೂ ಇವೆ ಎಂದಿತು. ಮಾತ್ರೆ ನುಂಗುತ್ತಿರುವವರು ನಮ್ಮ ಇಲಿಗಳನ್ನು ನೋಡಿ ಹಿಗ್ಗುವುದೂ ಬೇಡ, ಮಾತ್ರೆ ನಿಲ್ಲಿಸುವುದೂ ಬೇಡ.

ಉಂಡೆ ಮಾಡಿ ನೋಡುವವರಿಗೆ ಇನ್ನೊಂದು ಮಾತು. ನಮ್ಮದು ಸಿ57 ತಳಿಯ ಇಲಿ. ಬಾಲ್ಬ್-ಸಿ ತಳಿ ಹೆಚ್ಚು ಅಂಜುಬುರುಕ, ರೂಢಿಗೆ ಎರಡು ವಾರ ಬೇಕಾದೀತು. ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕುವಾಗಲೇ ಆ ದಿನಗಳನ್ನೂ ಮೇವಿನ ಖರ್ಚನ್ನೂ ಸೇರಿಸಿಬಿಡಿ; ಆಮೇಲೆ ತಿದ್ದುಪಡಿ ಮಾಡಿಸಲು ತಿಂಗಳುಗಳೇ ಹಿಡಿಯುತ್ತವೆ.