ಬಿಸುವಿಗೆ ಮೊದಲೇ ಜೂನ್

2025ರ ಜೂನ್‌ನಲ್ಲಿ ಶಾಲೆ ತೆರೆದ ಆರನೇ ದಿನದ ಮಕ್ಕಳ ಲೆಕ್ಕ ಮುಗಿಯುವಾಗ ನಮ್ಮ ಎಂಟನೇ ಕ್ಲಾಸಿನ ಕನ್ನಡ ಡಿವಿಷನ್‌ನಲ್ಲಿ 38 ತಲೆ ಇತ್ತು. ಹಿಂದಿನ ವರ್ಷ 19. ಸ್ಟಾಫ್ ರೂಮಿನಲ್ಲಿ ಯಾರೂ ಏನೂ ಹೇಳಲಿಲ್ಲ. "ಜನವರಿಯಲ್ಲೇ ಜೂನ್ ಮಾಡ್ತೀರಾ ಮಾಷ್ಟ್ರೇ?" ಎಂದು ಐದು ತಿಂಗಳ ಹಿಂದೆ ನಕ್ಕಿದ್ದ ಹಿಂದಿ ಟೀಚರು ಮಾತ್ರ ಒಂದು ಗ್ಲಾಸ್ ಚಹಾ ತಂದು ನನ್ನ ಮೇಜಿನ ಮೇಲಿಟ್ಟು ಹೋದರು. ನನಗೆ ಅಷ್ಟು ಸಾಕಿತ್ತು.

ನಾನು ಗಣಿತದ ಮಾಷ್ಟ್ರು. ಶಾಲೆ ಕಾಸರಗೋಡಿನ ಪೆರ್ಲ ಕಡೆ, ಗುಡ್ಡದ ಮೇಲೆ. ಏಡೆಡ್ ಹೈಸ್ಕೂಲು, ಅಂದರೆ ಆಡಳಿತ ಖಾಸಗಿ, ಸಂಬಳ ಸರಕಾರದ್ದು. ಆರನೇ ದಿನ ಅಂದರೆ ಶಾಲೆ ತೆರೆದ ಮೇಲಿನ ಆರನೇ ಕೆಲಸದ ದಿನ, ಅವತ್ತು ಸರಕಾರಕ್ಕೆ ಮಕ್ಕಳ ಲೆಕ್ಕ ಕೊಡಬೇಕು. ಆ ದಿನದ ಲೆಕ್ಕದಲ್ಲಿ ಮಕ್ಕಳು ಸಾಲದೆ ಡಿವಿಷನ್ ಬಿದ್ದರೆ ಮಾಷ್ಟ್ರ ಹುದ್ದೆಯೂ ಬಿತ್ತು. ಬೇಸಿಗೆ ರಜೆಯಲ್ಲಿ ನಮ್ಮ ಕಡೆಯ ಮಾಷ್ಟ್ರು ಟೀಚರುಗಳು ಬಿಸಿಲಲ್ಲಿ ಮನೆ ಮನೆ ತಿರುಗುವುದು ಅದಕ್ಕೇ. ನಾನೂ ಮೂರು ವರ್ಷ ತಿರುಗಿದೆ. ಮೂರು ವರ್ಷವೂ ದುಡ್ಡು ಕಳೆದುಕೊಂಡೆ.

ಮೊದಲನೆಯದು 2022, ನೋಟೀಸಿನ ವರ್ಷ. ನೋಟೀಸು ಬರೆದವನು ನಾನೇ. ಮಂಜೇಶ್ವರದ ಗೋವಿಂದ ಪೈಗಳು, ಪೆರಡಾಲದಲ್ಲಿ ಮಾಷ್ಟ್ರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು, ಕಾಸರಗೋಡು ಕೇರಳಕ್ಕೆ ಸೇರಿದ 1956, ತಾಯ್ನುಡಿ, ಎಲ್ಲ ತುಂಬಿಸಿದ್ದೆ. ಓದಿದ ನನಗೇ ರೋಮಾಂಚನ. ಸಾವಿರ ಪ್ರತಿ, ಬೈಕಿನ ಪೆಟ್ರೋಲು, ಮಧ್ಯಾಹ್ನದ ಊಟ ಎಲ್ಲ ಸೇರಿ ಎಂಟು ಒಂಬತ್ತು ಸಾವಿರ ಖರ್ಚು. ಒಂದು ಮನೆಯಲ್ಲಿ ಆ ಅಮ್ಮ ನೋಟೀಸನ್ನು ಪೂರ್ತಿ ಓದಿದರು, ಎರಡು ಸಲ ಮಡಚಿದರು, ಆಮೇಲೆ ಕೇಳಿದರು: "ಜೀಪು ಉಂಟಾ ಮಾಷ್ಟ್ರೇ?" ಇಲ್ಲ ಎಂದೆ. ಬೊಂಡ (ಎಳನೀರು) ಕೆತ್ತಿಸಿ ಕೊಟ್ಟರು. ಮಗುವನ್ನು ಕೊಡಲಿಲ್ಲ.

ಆ ವರ್ಷ 24 ಮಕ್ಕಳು. ಅವರು ನೋಟೀಸು ಇಲ್ಲದಿದ್ದರೂ ಬರುತ್ತಿದ್ದರು ಅಂತ ಈಗ ಅನ್ನಿಸುತ್ತದೆ.

ಎರಡನೇ ವರ್ಷ ಬ್ಯಾಗು. ನಾಲ್ಕು ಜನ ಸೇರಿ 40 ಬ್ಯಾಗು ತಂದೆವು, ಸುಮಾರು ಹದಿನೈದು ಸಾವಿರ. ಮೇ ತಿಂಗಳಲ್ಲೇ ಹಂಚಿದೆವು, ಅದೇ ತಪ್ಪು. ಜೂನ್‌ನಲ್ಲಿ ನಮ್ಮ ಬ್ಯಾಗು ಹೆಗಲಿಗೆ ಹಾಕಿಕೊಂಡು ಬೇರೆ ಶಾಲೆಯ ಬಸ್ಸು ಹತ್ತುವ ಮಕ್ಕಳನ್ನು ನಾನೇ ಕಣ್ಣಾರೆ ಕಂಡೆ. ಒಬ್ಬ ಹುಡುಗ ಕಿಟಕಿಯಿಂದ ಕೈ ಬೀಸಿದ. ಪಾಪ, ಅವನದೇನು ತಪ್ಪು. ಆ ವರ್ಷ 22.

ಮೂರನೆಯದು ವ್ಯಾನು. ಇದನ್ನು ಬರೆಯಲು ನಾಚಿಕೆ ಆಗುತ್ತದೆ. ಜೀಪು ಕೇಳಿದ ಅಮ್ಮನ ಮಾತು ತಲೆಯಲ್ಲಿ ಕೂತಿತ್ತಲ್ವಾ, ಐದು ಜನ ತಲಾ 22 ಸಾವಿರ ಹಾಕಿ ಸೆಕೆಂಡ್ ಹ್ಯಾಂಡ್ ಓಮ್ನಿ ತೆಗೆದೆವು. ಇನ್ಶೂರೆನ್ಸು, ಫಿಟ್‌ನೆಸ್ಸು, ಕ್ಲಚ್ಚು ಅಂತ ಮತ್ತೆ ಮೂವತ್ತು ಸಾವಿರ ಹೋಯಿತು. ಜುಲೈಯ ಒಂದು ಮಳೆಯ ದಿನ ಶಾಲೆಯ ಏರಿನಲ್ಲಿ ನಿಂತದ್ದು ಮೇಲೂ ಹತ್ತಲಿಲ್ಲ, ಕೆಳಗೂ ಇಳಿಯಲಿಲ್ಲ. ಮಕ್ಕಳು ಇಳಿದು ದೂಡಿದರು. ಹಿಂದೆ ನಾನು, ಸೊಂಟದವರೆಗೆ ಕೆಸರು. ಓಣಂ ರಜೆಯಲ್ಲಿ 62 ಸಾವಿರಕ್ಕೆ ಮಾರಿದೆವು. ತಲಾ ಹದಿನೈದೂ ಚಿಲ್ಲರೆ ಸಾವಿರ ನಷ್ಟ. ಐವರಲ್ಲಿ ಒಬ್ಬರು ಇವತ್ತಿಗೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ.

ಅದೇ ವರ್ಷ ಇನ್ನೊಂದು ಪೆಟ್ಟು ಬಿತ್ತು. ಬೆಂಚಿನಲ್ಲಿ 21 ಮಕ್ಕಳು ಕೂತಿದ್ದರು, ಲೆಕ್ಕಕ್ಕೆ ಸಿಕ್ಕಿದ್ದು 19. ಇಬ್ಬರ ಆಧಾರ್ ಹೊಂದಿಕೆ ಆಗಲಿಲ್ಲ. ಏಳನೇ ತನಕದ ಯುಪಿ (ಅಪ್ಪರ್ ಪ್ರೈಮರಿ) ಶಾಲೆಯ ರಿಜಿಸ್ಟರಿನಲ್ಲಿ ಆಯಿಶತ್, ಆಧಾರಿನಲ್ಲಿ ಆಯಿಷಾ. ಇನ್ನೊಬ್ಬನ ಇನಿಶಿಯಲ್ ಒಂದು ಕಡೆ ಹೆಸರಿಗೆ ಮುಂದೆ, ಇನ್ನೊಂದು ಕಡೆ ಬಿಡಿಸಿ ಬರೆದು ಹಿಂದೆ. ಮಗು ಎದುರಿಗೇ ಕೂತು ನನ್ನ ಲೆಕ್ಕ ಬಿಡಿಸುತ್ತಿದೆ, ಸರಕಾರದ ಲೆಕ್ಕದಲ್ಲಿ ಇಲ್ಲ!

ಮಳೆಗಾಲವಿಡೀ ಯೋಚಿಸಿದೆ. ಮೂರು ವರ್ಷ ನಾವು ಹೋದ ಮನೆಗಳ ಪಟ್ಟಿ ನನ್ನ ಹತ್ತಿರ ಇತ್ತು, ಯಾರು ಏನು ಹೇಳಿದರು ಅಂತ ಎದುರಿಗೆ ಗೀಚಿದ್ದೆ. ಕೂತು ನೋಡಿದರೆ ಮುಕ್ಕಾಲು ಪಾಲು ಮನೆಯಲ್ಲಿ ಉತ್ತರ ಒಂದೇ: "ಮೊನ್ನೆಯೇ ನಿಶ್ಚಯ ಆಯಿತು ಮಾಷ್ಟ್ರೇ." ಯಾವಾಗ ಮೊನ್ನೆ? ಬಿಸುವಿಗೆ, ಏಪ್ರಿಲ್ ನಡುವಿನ ಹೊಸವರ್ಷದ ಹಬ್ಬಕ್ಕೆ. ಗಲ್ಫಿನ ಭಾವ, ಮಂಗಳೂರಿನ ಚಿಕ್ಕಮ್ಮ ಊರಿಗೆ ಬಂದಾಗ, ಊಟದ ಎಲೆಯ ಮುಂದೆ ಮಗುವಿನ ಹೈಸ್ಕೂಲು ತೀರ್ಮಾನ ಆಗುತ್ತದೆ. ನಾವು ಹೋಗುವುದು ಮೇ ಎರಡನೇ ವಾರ. ಬಿಸು ಕಳೆದ ಮೇಲೆ ಹೋದವನಿಗೆ ಬೊಂಡವೇ ಸಿಗುವುದು.

ಹಾಗಾಗಿ 2025ರ ಜನವರಿಯಲ್ಲೇ ನಮ್ಮ ಜೂನ್ ಶುರು ಮಾಡಿದೆ. ಸುತ್ತಲಿನ ಮೂರು ಯುಪಿ ಶಾಲೆಗಳ ಹೆಡ್‌ಮಾಷ್ಟ್ರುಗಳನ್ನು ಕಂಡು, ಏಳನೇ ಕ್ಲಾಸಿನ ಮಕ್ಕಳನ್ನು ರಜೆಯ ಶನಿವಾರ ನಮ್ಮಲ್ಲಿಗೆ ಕಳಿಸಿ ಎಂದು ಕೇಳಿದೆ. ಒಬ್ಬರು ಕೂಡಲೇ ಒಪ್ಪಿದರು. ಇನ್ನೊಬ್ಬರು ನಾಲ್ಕು ಸಲ ನಡೆಸಿದರು. ಮನೆಯವರ ಒಪ್ಪಿಗೆ ಚೀಟಿ ಮಾತ್ರ ತಪ್ಪದೆ ತೆಗೆದುಕೊಳ್ಳಿ, ನಾನು ಒಂದು ಶನಿವಾರ ಮರೆತು ಬೈಸಿಕೊಂಡಿದ್ದೇನೆ. ಮಾರ್ಚ್‌ವರೆಗೆ ಆರು ಶನಿವಾರ ಸಿಕ್ಕಿತು. ಅವಲಕ್ಕಿ, ಬಾಳೆಹಣ್ಣು, ಚಹಾ ಸೇರಿ ಸಲಕ್ಕೆ ಒಂಬೈನೂರು ರೂಪಾಯಿ, ಹೆಚ್ಚೆಂದರೆ ಸಾವಿರ.

ಮೊದಲ ಶನಿವಾರ ಕೆಟ್ಟಿತು. ಸ್ಮಾರ್ಟ್ ಕ್ಲಾಸಿನಲ್ಲಿ ಕೂರಿಸಿ ಪ್ರೊಜೆಕ್ಟರು ಹಾಕಿದೆ. ಅದು ಅವರ ಶಾಲೆಯಲ್ಲೂ ಉಂಟು. ಆಕಳಿಸಿದರು. ಎರಡನೆಯದಕ್ಕೆ ಹೊರಗೆ ಕರಕೊಂಡು ಹೋದೆ. ನಮ್ಮ ಮೈದಾನದ ಅಂಚಿನಲ್ಲಿ ಒಂಟಿ ಅಡಿಕೆ ಮರ ಇದೆ. ಹತ್ತದೆ ಅದರ ಎತ್ತರ ಹೇಳಿ ಎಂದೆ. ಒಂದು ಮೀಟರಿನ ಕೋಲು ನಿಲ್ಲಿಸಿದೆವು, ನೆರಳು 60 ಸೆಂಟಿಮೀಟರ್. ಮರದ ನೆರಳು ಅಳೆದರು, ಎಂಟು ಮೀಟರ್ 40. ನೆಲದ ಮೇಲೆ ಕಡ್ಡಿಯಿಂದ ಭಾಗಿಸಿ ಒಬ್ಬಳು ಹುಡುಗಿ 14 ಮೀಟರ್ ಎಂದಳು. ಹಿಂದೆ ನಿಂತಿದ್ದ ಹುಡುಗನೊಬ್ಬ ಲೆಕ್ಕ ಮಾಡಿರಲೇ ಇಲ್ಲ. ತಲೆ ಎತ್ತಿ ಮರ ನೋಡಿದ, "45 ಅಡಿ ಮಾಷ್ಟ್ರೇ, ಗೊನೆಗೆ ದೋಟಿ ಅಷ್ಟೇ ಬೇಕು" ಎಂದ. ಅವನ ಅಪ್ಪ ದೋಟಿಯಲ್ಲಿ, ಅಂದರೆ ಕತ್ತಿ ಕಟ್ಟಿದ ಉದ್ದ ಕೋಲಿನಲ್ಲಿ, ಅಡಿಕೆ ಕೊಯ್ಯುವವರು. 14 ಮೀಟರನ್ನು ಅಡಿಗೆ ತಿರುಗಿಸಿದರೆ 46ಕ್ಕೆ ಚೂರು ಕಡಿಮೆ. ಮಕ್ಕಳೆಲ್ಲ ಅವನ ಕಡೆ ತಿರುಗಿದರು. ಅವನ ಕಿವಿ ಕೆಂಪಾಯಿತು.

ಆ ಸಂಜೆ ಆ ಹುಡುಗ ಮನೆಯಲ್ಲಿ ಏನು ಹೇಳಿದನೋ ಗೊತ್ತಿಲ್ಲ. ಮುಂದಿನ ಶನಿವಾರ ಅವನ ಓಣಿಯಿಂದಲೇ ಐದು ಮಕ್ಕಳು ಜಾಸ್ತಿ ಬಂದರು. ಮನೆಯಲ್ಲಿ ಒಬ್ಬೊಬ್ಬರದು ತುಳು, ಬ್ಯಾರಿ, ಮಲಯಾಳ, ಮರಾಟಿ. ಮರದ ಕೆಳಗೆ ಜಗಳ ಮಾತ್ರ ಕನ್ನಡದಲ್ಲಿ. ನಾನು ನೋಟೀಸಿನಲ್ಲಿ ಒಂದು ಪುಟ ಬರೆದದ್ದು ಅಲ್ಲಿ ಸುಮ್ನೆ ಆಗುತ್ತಿತ್ತು.

ಮಾರ್ಚ್‌ನ ಶನಿವಾರ ಆಧಾರ್ ಪ್ರತಿ ತರಿಸಿದೆವು. 41 ಮಕ್ಕಳಲ್ಲಿ ಒಂಬತ್ತು ಜನರದು ರಿಜಿಸ್ಟರಿಗೆ ಹೊಂದುತ್ತಿರಲಿಲ್ಲ. ಯಾವ ಅಕ್ಷರ, ಯಾವ ತಾರೀಕು ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಮನೆಗೆ ಕಳಿಸಿದೆ. ಆಧಾರ್ ತಿದ್ದಿಸುವ ಅಕ್ಷಯ ಕೇಂದ್ರದಲ್ಲಿ ಏಪ್ರಿಲ್‌ನಲ್ಲಿ ರಶ್ಶು ಕಡಿಮೆ. ಮೇ ಕೊನೆಗೆ ಹೋದರೆ ಇಡೀ ಪಂಚಾಯತು ಅಲ್ಲೇ ಇರುತ್ತದೆ. ಶಾಲೆ ತೆರೆಯುವಾಗ ಒಂದೇ ಒಂದು ಬಾಕಿ ಇತ್ತು, ಅದೂ ನಾಲ್ಕನೇ ದಿನಕ್ಕೆ ಸರಿಯಾಯಿತು. ಈ ಇಡೀ ಕಥೆಯಲ್ಲಿ ಖರ್ಚಿಲ್ಲದೆ ಲಾಭ ಕೊಟ್ಟದ್ದು ಇದೊಂದೇ.

ಮನೆಭೇಟಿ ಬಿಡಲಿಲ್ಲ. ಆದರೆ ಬಿಸುವಿಗೆ ಮೊದಲ ಹತ್ತು ದಿನದಲ್ಲಿ ಮುಗಿಸಿದೆ. ಇಬ್ಬರೇ ಹೋಗುವುದು, ಒಬ್ಬರು ಟೀಚರು ಕಡ್ಡಾಯ. ಐದಾರು ಜನ ದಿಬ್ಬಣದ ಹಾಗೆ ಹೋದರೆ ಮನೆಯವರು ಕುರ್ಚಿ ಹುಡುಕುವುದರಲ್ಲೇ ಸುಸ್ತಾಗುತ್ತಾರೆ. ಕನ್ನಡ ಕಲಿತರೆ ಕೆಲಸ ಎಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸರಕಾರಿ ಕೆಲಸಕ್ಕೆ ಆರಿಸುವ ಪಿಎಸ್‌ಸಿಯಲ್ಲಿ ಕನ್ನಡ ಮಾಧ್ಯಮದ ಮಾಷ್ಟ್ರ ಹುದ್ದೆ, ಕನ್ನಡ ಮಲಯಾಳ ಎರಡೂ ಬಲ್ಲ ಕ್ಲರ್ಕ್ ಹುದ್ದೆ ಬೇರೆಯೇ ಕರೆಯುತ್ತಾರಲ್ಲ, ಹಳೆಯ ನೋಟಿಫಿಕೇಶನ್ ಒಂದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡಿದ್ದೆ. ಎಂಟರಲ್ಲೇ ಫೇಲ್ ಮಾಡ್ತಾರಂತೆ ಹೌದಾ ಎಂಬುದು ಆ ವರ್ಷದ ಹೊಸ ಹೆದರಿಕೆ. ಬರೆಯುವ ಪರೀಕ್ಷೆಯಲ್ಲಿ 30 ಶೇಕಡಾ ಬೇಕು ಎಂಬ ನಿಯಮ 2024-25ರಲ್ಲಿ ಎಂಟಕ್ಕೆ ಬಂದಿತ್ತು. ಮುಚ್ಚಿಡಲಿಲ್ಲ. ಹೌದು, ನಿಯಮ ಉಂಟು, ಅದಕ್ಕೇ ಸಂಜೆ ಅರ್ಧ ಗಂಟೆ ನಾನು ಕೂರುತ್ತೇನೆ ಎಂದೆ. ಕೂರುತ್ತಲೂ ಇದ್ದೇನೆ.

ಮನೆಯ ಅಮ್ಮಂದಿರ ಹತ್ತಿರ ನಾನು ಮೊದಲು ಕೇಳುವ ಒಂದು ಪ್ರಶ್ನೆ ಇದೆ. ಅದು ಶಾಲೆಯ ಬಗ್ಗೆ ಅಲ್ಲ. ಅದನ್ನಿಲ್ಲಿ ಬರೆಯುವುದಿಲ್ಲ, ಪಕ್ಕದ ಶಾಲೆಯವರೂ ಓದುತ್ತಾರೆ.

ಜೀಪಿನ ಲೆಕ್ಕ ಬೇಕಾದರೆ ಕೊಡುತ್ತೇನೆ. ಆ ಸಲ ಗಾಡಿ ಖರೀದಿಸಲಿಲ್ಲ, ಊರಿನ ಟ್ರಿಪ್ ಜೀಪಿನವನನ್ನೇ ಹಿಡಿದೆವು. ಬೆಳಿಗ್ಗೆ ಎರಡು ಟ್ರಿಪ್, ಸಂಜೆ ಎರಡು, ತಿಂಗಳಿಗೆ 13 ಸಾವಿರ. ಎಂಟು, ಒಂಬತ್ತು, ಹತ್ತು ಮೂರೂ ಕ್ಲಾಸು ಸೇರಿ 24 ಮಕ್ಕಳು, ತಲಾ 350. ಹತ್ತು ಹಳೇ ವಿದ್ಯಾರ್ಥಿಗಳು ತಿಂಗಳಿಗೆ 300ರಂತೆ ಹಾಕುತ್ತಾರೆ. ಉಳಿದ 1,600 ನಾನೂ ಹೆಡ್‌ಮಾಷ್ಟ್ರೂ. ಜೀಪಿನವನು ಮೊದಲು 16 ಸಾವಿರ ಕೇಳಿದ್ದ. ಹೇಗೆ ಇಳಿಸಿದೆ ಎಂಬುದು ನನಗೂ ಅವನಿಗೂ ಗೊತ್ತು. ಆ ವರ್ಷ ಹೈಸ್ಕೂಲಿಗೆ ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಹೆಚ್ಚು ಮಾಡಿದರಲ್ಲ, ಆಗ ಮತ್ತೆ ರೇಟಿನ ಮಾತೆತ್ತಿದ. ಚಹಾ ಕುಡಿಸಿ ಕಳಿಸಿದೆ.

ನಡುವೆ ಕೆಲವು ಚಿಲ್ಲರೆ ಪ್ರಯೋಗವೂ ಮಾಡಿದೆ. ಮಾರ್ಚ್‌ನಲ್ಲಿ ಎಂಟು, ಒಂಬತ್ತು, ಹತ್ತರ ಹಳೇ ಪುಸ್ತಕ ಒಟ್ಟು ಮಾಡಿ, ರಟ್ಟು ಹಾಕಿ, ಕಟ್ಟಿಟ್ಟೆ. ಎರಡು ಭಾನುವಾರದ ಕೆಲಸ. ಜೂನ್‌ಗೆ ಎಂಟು, ಹತ್ತರ ಪಾಠಪುಸ್ತಕವೇ ಬದಲಾಯಿತು! ಗೊತ್ತಿದ್ದ ವಿಷಯವೇ, ನನ್ನ ತಲೆಗೆ ಹೊಳೆಯಲಿಲ್ಲ. ಒಂಬತ್ತರದ್ದು ಹಿಂದಿನ ವರ್ಷವೇ ಹೊಸತಾಗಿದ್ದರಿಂದ ಆ ಕಟ್ಟು ಮಾತ್ರ ಉಪಯೋಗಕ್ಕೆ ಬಂತು. ಒಂಬತ್ತಕ್ಕೆ ಪುಸ್ತಕ ದುಡ್ಡು ಕೊಟ್ಟೇ ತೆಗೆಯಬೇಕಲ್ಲ, ಹದಿನೈದು ಮನೆಗೆ ಉಳಿತಾಯ. ಕೊಡೆಯದ್ದು ಇನ್ನೊಂದು ಕಥೆ. ಶಾಲೆಯ ಹೆಸರು ಬರೆಸಿದ 25 ಕೊಡೆ ಆಫೀಸಿನ ಮೂಲೆಯಲ್ಲಿಟ್ಟೆವು, ಬೇಕಾದವರು ಒಯ್ದು ಮರುದಿನ ತರಬೇಕು. ಜುಲೈ ಕೊನೆಗೆ ಒಂಬತ್ತು ಉಳಿದಿತ್ತು.

ಆದರೆ ಹಗ್ಗದ ಪ್ರಯೋಗ ಗೆದ್ದಿತು. ಆ ವರ್ಷ ಮಳೆ ಕೇರಳಕ್ಕೆ ಮೇ 24ಕ್ಕೇ ಬಂತು. ಅಡಿಕೆಗೆ ಮದ್ದು ಬಿಡಲು ಯಾರಿಗೂ ಬಿಸಿಲೇ ಸಿಗಲಿಲ್ಲ. ಜೂನ್ 2ಕ್ಕೆ ಶಾಲೆ ತೆರೆದಾಗ ಒಂದು ಗಳಿಗೆ ಹೊಳವಾದರೆ ಸಾಕು, ಮೈಲುತುತ್ತು ಕಲಕಲು, ಪೈಪು ಹಿಡಿಯಲು ಮಕ್ಕಳನ್ನು ಮನೆಯಲ್ಲೇ ನಿಲ್ಲಿಸುತ್ತಿದ್ದರು. ಅದಕ್ಕೆ ನನ್ನ ಹತ್ತಿರ ಔಷಧ ಇಲ್ಲ, ಸಂಜೆ ಫೋನ್ ಮಾಡಿ "ನಾಳೆ ಒಂದು ದಿನ ಕಳಿಸಿ" ಎಂದು ಗೋಗರೆದದ್ದೇ. ಇನ್ನು ಕೆಲವರು ಬಾರದ್ದಕ್ಕೆ ಕಾರಣ ಬೇರೆ. ಇದ್ದದ್ದು ಒಂದೇ ಜೊತೆ ಯೂನಿಫಾರ್ಮು, ಅದು ಒಣಗಿಲ್ಲ. ಕಾರಿಡಾರಿನಲ್ಲಿ ನೈಲಾನ್ ಹಗ್ಗ ಕಟ್ಟಿಸಿದೆ, ನಮ್ಮ ಮನೆಯ ಹಳೇ ಪೆಡೆಸ್ಟಲ್ ಫ್ಯಾನು ತಂದಿಟ್ಟೆ, ಮಳೆ ನಿಲ್ಲುವ ತನಕ ಬಣ್ಣದ ಅಂಗಿಯಲ್ಲೇ ಬನ್ನಿ ಎಂದು ಅಸೆಂಬ್ಲಿಯಲ್ಲಿ ಹೇಳಿಸಿದೆ. ಹಗ್ಗಕ್ಕೆ 120 ರೂಪಾಯಿ. ಸಾಲಾಗಿ ನೇತು ಹಾಕಿದ ಸಾಕ್ಸುಗಳ ವಾಸನೆಗೆ ಸ್ಟಾಫ್ ರೂಮಿನವರು ಒಂದು ವಾರ ಬಾಗಿಲು ಹಾಕಿಕೊಂಡು ಕೂತರು. ಹಾಜರಿ ಮಾತ್ರ ಏರಿತು.

ಶನಿವಾರಗಳಿಗೆ ಬಂದ 41ರಲ್ಲಿ 36 ಮಕ್ಕಳು ಸೇರಿದರು, ಬೇರೆ ಕಡೆಯಿಂದ ಇಬ್ಬರು. ಮೂರು ವರ್ಷ ಕಳೆದ ದುಡ್ಡಿಗೆ ಹೋಲಿಸಿದರೆ ಶನಿವಾರದ ಖರ್ಚು ಒಟ್ಟು ಐದೂವರೆ ಸಾವಿರ, ಅಷ್ಟೇ. ಈಗ ನಗಾಡಿದವರೇ ನೋಟು ಪುಸ್ತಕ ಹಿಡಿದು ಬಂದು ಪಟ್ಟಿ ಕೇಳುತ್ತಾರೆ.

ದೋಟಿಯವರ ಮಗನೂ ಸೇರಿದ್ದಾನೆ, ಎರಡನೇ ಬೆಂಚು. ಆರನೇ ದಿನ ಮಧ್ಯಾಹ್ನ ನಾನು ಪಟ್ಟಿಗೆ ಸೈನ್ ಹಾಕಿ ಹೊರಗೆ ಬರುವಾಗ ಕಾರಿಡಾರಿನ ಕಂಬಕ್ಕೆ ಒರಗಿ ನಿಂತಿದ್ದ. "ಮಾಷ್ಟ್ರೇ, ಆ ಮರ ಬೆಳೆದಿದೆ. ಪುನಃ ಅಳೆಯುವಾ?" ಎಂದ. ಹೊರಗೆ ಎದುರಿನ ಗುಡ್ಡವೇ ಕಾಣದಷ್ಟು ಮಳೆ.

"ನೆರಳೆಲ್ಲಿದೆ ಮಾರಾಯ," ಎಂದೆ. "ನಾಳೆ ಅಪ್ಪನ ದೋಟಿ ತಾ."