ಇ20 ಪೆಟ್ರೋಲಿಗೆ ಟರ್ಬೊ ಕಾರನ್ನು ಸಜ್ಜುಗೊಳಿಸುವುದು: ಮೊದಲು ಪೈಪು, ಆಮೇಲೆ ಪವರ್

ಭಾನುವಾರ ಬೆಳಗ್ಗೆ ಚಿಕ್ಕಬಳ್ಳಾಪುರದ ಕಡೆಯಿಂದ ನಂದಿಬೆಟ್ಟ ಹತ್ತುವ ಟರ್ಬೊ ಕಾರುಗಳಲ್ಲಿ 2023ರ ಏಪ್ರಿಲ್‌ಗೆ ಮೊದಲು, ಇ20 ತಾಳುವ ಭಾಗಗಳು ಸಾಮಾನ್ಯವಾಗುವ ಮುನ್ನ, ತಯಾರಾದವೂ ಇವೆ. ಬಂಕುಗಳ ಸಾಮಾನ್ಯ ಪೆಟ್ರೋಲಿನಲ್ಲಿ ಈಗ ಶೇ 20ರವರೆಗೆ ಎಥನಾಲ್ ಇರುವುದರಿಂದ (ಇದೇ ಇ20), ಅಂಥ ಕಾರನ್ನು ರೀಮ್ಯಾಪ್‌ಗೆ, ಅಂದರೆ ಪವರ್ ಹೆಚ್ಚಿಸಲು ಎಂಜಿನ್ನಿನ ಕಂಪ್ಯೂಟರ್ ಲೆಕ್ಕ ಬದಲಿಸಲು, ಒಯ್ಯುವ ಮುನ್ನ ಟ್ಯಾಂಕಿನಿಂದ ಇಂಜೆಕ್ಟರ್‌ವರೆಗಿನ ಇಂಧನದ ದಾರಿಯನ್ನು ಸರಿಪಡಿಸಿಕೊಳ್ಳಬೇಕು.

ಕಾರಿನ ಕೈಪಿಡಿಯಲ್ಲಿ ಇ10 (ಶೇ 10 ಎಥನಾಲ್) ಎಂದಿದೆಯೋ ಇ20 ಎಂದಿದೆಯೋ ನೋಡಿರಿ. ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆಯೆಂದು ತಿಳಿಯಲು 100 ಮಿ.ಲೀ. ಅಳತೆಯ ಗಾಜಿನ ಕೊಳವೆಗೆ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲ್ ಹಾಕಿ, ಅಲುಗಿಸಿ, ಹತ್ತು ನಿಮಿಷ ಬಿಡಿ. ಎಥನಾಲ್ ನೀರಿನೊಡನೆ ಕೆಳಗಿಳಿಯುತ್ತದೆ. ಕೆಳಪದರ 19ರ ಹತ್ತಿರ ನಿಂತರೆ ಇ10, 28ರ ಹತ್ತಿರ ನಿಂತರೆ ಇ20. ಇದನ್ನು ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡಬೇಕು. ಆ ಪೆಟ್ರೋಲನ್ನು ಟ್ಯಾಂಕಿಗೆ ಮರಳಿ ಸುರಿಯಬಾರದು.

ಹೆಚ್ಚು ಹೊತ್ತು ಕೊಡಬೇಕಾದದ್ದು ರಬ್ಬರಿಗೆ. ಹಳೆಯ ನೈಟ್ರೈಲ್ ರಬ್ಬರಿನ ಪೈಪು ಮತ್ತು ಓ-ರಿಂಗ್‌ಗಳು ಎಥನಾಲ್‌ನಲ್ಲಿ ಉಬ್ಬಿ, ಒಣಗಿದಾಗ ಬಿರುಕು ಬಿಡುತ್ತವೆ. ನಾನೊಮ್ಮೆ ಬಿಚ್ಚಿದ ರಿಟರ್ನ್ ಪೈಪಿನ ಹೊರಮೈ ಹೊಸದರಂತಿತ್ತು. ಉದ್ದಕ್ಕೆ ಸೀಳಿ ನೋಡಿದರೆ ಒಳಮೈ ಬೇಸಿಗೆಯ ಕೆರೆಯಂಗಳದಂತೆ ಬಿರಿದಿತ್ತು. ಬಿಸಿ ಎಂಜಿನ್ನಿನ ಮೇಲೆ ಹನಿಯುವ ಪೆಟ್ರೋಲ್ ಜೀವಕ್ಕೇ ಅಪಾಯವಾದ್ದರಿಂದ, ಹೊರಗಿನಿಂದ ನೋಡಿ ಸಮಾಧಾನಪಡದೆ ವೈಟಾನ್ ಎಂಬ ಎಥನಾಲ್ ತಾಳುವ ರಬ್ಬರಿನ ಸೀಲುಗಳನ್ನೂ ಎಥನಾಲ್ ತಾಳುವ ಇಂಜೆಕ್ಷನ್ ಪೈಪನ್ನೂ ಹಾಕಿಸಿರಿ. ಎಥನಾಲ್ ಹಳೆಯ ಟ್ಯಾಂಕಿನ ಜಿಡ್ಡನ್ನೂ ಕರಗಿಸಿ ಎಳೆದು ತರುವುದರಿಂದ, ಎರಡು ಮೂರು ಟ್ಯಾಂಕ್ ಮುಗಿದ ಮೇಲೆ ಫಿಲ್ಟರ್ ಬದಲಿಸಿರಿ.

ಇನ್ನು ಇಂಧನದ ಪ್ರಮಾಣ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಎಥನಾಲ್‌ಗೆ 9 ಸಾಕು. ಇ20ಗೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಶೇ 8ರಿಂದ 9ರಷ್ಟು ಹೆಚ್ಚು ಇಂಧನ ಹೋಗಬೇಕು. ನಿಧಾನವಾಗಿ ಓಡುವಾಗ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ತಾನೇ ಹೊಂದಿಸಿಕೊಳ್ಳುತ್ತದೆ. ಆದರೆ ಹಳೆಯ ಬಗೆಯ ಸೆನ್ಸರ್ ಇರುವ ಕಾರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಅದಕ್ಕೆ ಸರಿಯಾದ ಲೆಕ್ಕ ಸಿಗುವುದಿಲ್ಲ, ಪಿಸ್ಟನ್ ಸುಡುವುದು ಅಂಥ ಹೊತ್ತಿನಲ್ಲೇ. ಆದ್ದರಿಂದ ಗಾಳಿ-ಇಂಧನದ ಪ್ರಮಾಣವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿಸಿ, ಮೀಟರನ್ನು ಲ್ಯಾಂಬ್ಡಾದಲ್ಲಿಟ್ಟು (ಇಂಧನ ಯಾವುದೇ ಇರಲಿ, ಗಾಳಿ ಸರಿಯಾಗಿ ಸಾಕಾದರೆ 1 ತೋರಿಸುವ ಅಳತೆ), ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ ನೋಡಿರಿ. ಬೆಟ್ಟದ ರಸ್ತೆ ಅದಕ್ಕೆ ಜಾಗವಲ್ಲ. ಆರ್‌ಪಿಎಂ ಏರಿದಂತೆ ಇಂಧನದ ಒತ್ತಡ ಕುಸಿಯಬಾರದು, ಇಂಜೆಕ್ಟರ್ ತೆರೆದಿರುವ ಅವಧಿ ಶೇ 85 ದಾಟಬಾರದು. ಫ್ಯುಯಲ್ ಟ್ರಿಮ್ (ಇಸಿಯು ತಾನೇ ಸೇರಿಸುವ ಹೆಚ್ಚುವರಿ ಇಂಧನ) ಶೇ 10ಕ್ಕಿಂತ ಮೇಲೆ ನಿಂತರೆ ಎಥನಾಲನ್ನು ದೂರುವ ಮೊದಲು ಸೋತ ಪಂಪನ್ನೂ ಗಾಳಿ ಸೋರಿಕೆಯನ್ನೂ ಹುಡುಕಿರಿ.

ಇವೆಲ್ಲ ಸರಿಯಾದ ಮೇಲೆ ಎಥನಾಲ್‌ನ ಲಾಭ ಕೇಳಬಹುದು: ಅದು ಆವಿಯಾಗುವಾಗ ಒಳಬರುವ ಗಾಳಿಯನ್ನು ತಂಪು ಮಾಡುತ್ತದೆ, ನಾಕಿಂಗ್ (ಇಂಧನ ಹೊತ್ತಿಗೆ ಮುಂಚೆ ತಾನಾಗಿ ಉರಿದು ಎಂಜಿನ್ ಬಡಿದುಕೊಳ್ಳುವುದು) ತಡೆಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಟರ್ಬೊ ಎಂಜಿನ್ನಿಗೆ ಇದು ನಿಜವಾದ ಉಪಕಾರ. ಮೈಲೇಜ್ ಮಾತ್ರ ಕೊಂಚ ಇಳಿಯುತ್ತದೆ.

ವಾರಕ್ಕೊಮ್ಮೆಯೂ ಹೊರತೆಗೆಯದ ಕಾರಿನ ಟ್ಯಾಂಕನ್ನು ಮಳೆಗಾಲದಲ್ಲಿ ಅರ್ಧ ಖಾಲಿ ಬಿಡಬೇಡಿರಿ. ಎಥನಾಲ್ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಸಮೇತ ತಳಕ್ಕಿಳಿದು ಮೊದಲು ಪಂಪಿಗೇ ಹೋಗುತ್ತದೆ. ಹಾಗಾದಾಗ ಮೇಲಿನಿಂದ ಹೊಸ ಪೆಟ್ರೋಲ್ ಸುರಿಯದೆ, ಎಂಜಿನ್ ಚಾಲು ಮಾಡದೆ, ಟ್ಯಾಂಕನ್ನು ಪೂರ್ತಿ ಬಸಿಸಿರಿ.